ಕೆಂಪು ಚೆಂಡು ಬಲಕ್ಕೆ ಹೋಯಿತು

ಅನುಮಾನದವನಿಗೆ ಅನುಮಾನದವರೇ ಗಂಟು ಬೀಳುತ್ತಾರೆ. ಊರು ಬಿಟ್ಟರೂ ಇದು ಬಿಡುವುದಿಲ್ಲ. ಪುತ್ತೂರಿನಲ್ಲಿ ತರಕಾರಿ ಅಂಗಡಿಯ ತಕ್ಕಡಿಯನ್ನು ಅನುಮಾನಿಸುತ್ತಿದ್ದ ನಾನು ಕೊಚ್ಚಿಯ ಐಟಿ ಪಾರ್ಕಿಗೆ ಬಂದು ಕಂಪ್ಯೂಟರನ್ನು ಅನುಮಾನಿಸತೊಡಗಿದೆ, ಅಷ್ಟೇ.

ನಮ್ಮ ಟೀಮ್ ಲೀಡ್ ಕಾಸರಗೋಡಿನವರು. ಸಂಶಯದಲ್ಲಿ ನನ್ನ ಗುರುಗಳು. ಅದಕ್ಕೇ ಅವರಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಎಂದರೆ ಪ್ರಾಣ. ಅದರಲ್ಲಿ ಒಂದು ಹೆಸರಿಗೆ ಒಮ್ಮೆ ಕೊಟ್ಟ ಬೆಲೆಯನ್ನು ಆಮೇಲೆ ಯಾರೂ ತಿದ್ದುವಂತಿಲ್ಲ. "ಬೇರೆ ಭಾಷೆಯಲ್ಲಿ ಬೆನ್ನು ತಿರುಗಿಸಿದ್ರೆ ಸಾಕು, ಯಾರೋ ಏನೋ ಬದಲಿಸಿರ್ತಾರೆ ಮಾರಾಯ. ಇದರಲ್ಲಿ ಆ ಹೆದರಿಕೆ ಇಲ್ಲ" ಎನ್ನುತ್ತಾರೆ.

ತಿರುವನಂತಪುರದ ಒಂದು ಸರ್ಕಾರಿ ಕಚೇರಿ ನಮ್ಮ ಕಂಪನಿಗೆ ಕೆಲಸ ಕೊಡುವ ಮುಂಚೆ ಈ ಭಾಷೆಯಲ್ಲೇ ಒಂದು ಮಾದರಿ ಕೇಳಿತ್ತು. ಒಂದು ವಿಂಡೋ, ಒಳಗೊಂದು ಕೆಂಪು ಚೆಂಡು, ಅದನ್ನು ಎಡಕ್ಕೂ ಬಲಕ್ಕೂ ಸರಿಸುವ ಎರಡು ಬಟನ್. ಅದು ನನ್ನ ತಲೆಗೆ ಬಂತು. ಅವರು ಒಪ್ಪಿದರೆ ನನ್ನ ನೌಕರಿ ಖಾಯಂ. ಒಪ್ಪದಿದ್ದರೆ ವೈಟ್ಟಿಲ ಬಸ್‌ಸ್ಟ್ಯಾಂಡಿನಿಂದ ಊರಿಗೆ ಬಸ್ಸು.

೧. ಬಂತು, ಹೋಯಿತು

ಪ್ರೋಗ್ರಾಂ ಬರೆದು ಮೊದಲ ಸಲ ಓಡಿಸಿದಾಗ ವಿಂಡೋ ಮಿಂಚಿ ಮಾಯವಾಯಿತು. ಆ್ಯಂಟಿವೈರಸ್ ಮೇಲೆ ಅನುಮಾನಪಟ್ಟೆ. ಕೀಬೋರ್ಡ್ ಮೇಲೆ ಪಟ್ಟೆ. ಪಕ್ಕದ ಸೀಟಿನವನು ಬೆಳಗಿನಿಂದ ಸುಮ್ಮನೆ ನಗುತ್ತಿದ್ದ, ಅವನ ಮೇಲೂ ಪಟ್ಟೆ. ಕೊನೆಗೆ ಲೀಡನ್ನೇ ಕರೆದೆ.

"ವಿಂಡೋ ತೆರೆ ಅಂತ ಬರ್ದಿದ್ದಿ. ತೆರೀತು. ಇನ್ನೆಂತ ಆಗ್ಬೇಕು?"

"ನಿಲ್ಬೇಕಲ್ವಾ ಸರ್?"

"ನಿಲ್ಲು ಅಂತ ಎಲ್ಲಿ ಬರ್ದಿದ್ದಿ? ಕೂತ್ಕೊಳ್ಳಿ ಅಂತ ಒಂದು ಮಾತು ಹೇಳದಿದ್ರೆ ಮರ್ಯಾದಸ್ಥರು ಬಾಗಿಲಿಂದಲೇ ವಾಪಸ್ ಹೋಗ್ತಾರೆ ಮಾರಾಯ!"

೨. ಮಹಡಿಯ ಬಾಡಿಗೆದಾರ

ನಿಲ್ಲು ಎಂದು ಬರೆದ ಮೇಲೆ ವಿಂಡೋ ನಿಂತಿತು. ಆದರೆ ಒಳಗೆ ಚೆಂಡಿಲ್ಲ. ಭಾನುವಾರ ಇಡೀ ದಿನ ಬಾಡಿಗೆ ಮನೆಯ ಮಹಡಿಯಲ್ಲಿ ಆ ಬಿಳಿ ಚೌಕವನ್ನೇ ದಿಟ್ಟಿಸುತ್ತ ಕೂತೆ.

ಮಧ್ಯಾಹ್ನ ಕೆಳಗಿನಿಂದ ಮನೆಯೊಡತಿ ಚೇಚಿ ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ಹಿಡಿದು ಬಂದರು. ಬಾಳೆಹಣ್ಣು ಇಷ್ಟು ಅಗ್ಗವಾಯಿತೇ? ಬಾಡಿಗೆ ಏರಿಸುವ ಉಪಾಯವೇ ಇರಬೇಕು ಎಂದುಕೊಂಡೆ. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಮೋನೆ, ಇದರಲ್ಲಿ ಏನು ನೋಡ್ತಿದ್ದೀ?"

"ಚೆಂಡು ಬರಬೇಕು ಚೇಚಿ."

"ಯಾವಾಗ ಬರತ್ತೆ?"

"ಗೊತ್ತಿಲ್ಲ. ಬೆಳಗಿನಿಂದ ಕಾಯ್ತಾ ಇದ್ದೇನೆ."

ಚೇಚಿ ತಟ್ಟೆ ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿ ಇಳಿದು ಹೋದರು. ಸಂಜೆಯ ಹೊತ್ತಿಗೆ ವಿಷಯ ಹೊಳೆಯಿತು. ಬಣ್ಣ ಹೇಳಲು ಮರೆತಿದ್ದೆ. ಬಿಳಿಯ ಮೇಲೆ ಬಿಳಿ ಚೆಂಡು ದಿನವಿಡೀ ಅಲ್ಲೇ ಕೂತಿತ್ತು. ಕೆಂಪು ಎಂದು ಬರೆದೊಡನೆ ಕಣ್ಣೆದುರು ನಿಂತಿತು. ಖುಷಿ ತಡೆಯಲಾಗದೆ ಮೆಟ್ಟಿಲ ಬಳಿ ಓಡಿ "ಚೇಚೀ, ಬಂತು! ಬಂತು!" ಎಂದು ಕೂಗಿದೆ.

ಕೆಳಗೆ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.

೩. ಮೇಡಂ ಪರೀಕ್ಷೆ

ತಿರುವನಂತಪುರದ ತಂಪಾನೂರಿನಲ್ಲಿ ರೈಲಿಳಿದು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡು, ದಾರಿಯಲ್ಲಿ ಕಂಡವರನ್ನೆಲ್ಲ ಗುಮಾನಿಯಿಂದ ನೋಡುತ್ತ ಲೀಡ್ ಜೊತೆ ಕಚೇರಿಗೆ ಹೋದೆ. ಅಲ್ಲಿನ ಮೇಡಂ ನಮ್ಮಿಬ್ಬರನ್ನೂ ಮೀರಿಸುವವರು. ಹಿಂದೆ ಬಂದ ಕಂಪನಿಯವರು ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ತೋರಿಸಿ ಅವರನ್ನು ಯಾಮಾರಿಸಿದ್ದರಂತೆ.

"ಇದೂ ವಿಡಿಯೋ ಅಲ್ಲ ಅಂತ ಏನು ಗ್ಯಾರಂಟಿ? ಇಲ್ಲಿ ಕೊಡಿ" ಎಂದು ಲ್ಯಾಪ್‌ಟಾಪ್ ಎಳೆದುಕೊಂಡರು. ಮಲಯಾಳದಲ್ಲಿ ಗಟ್ಟಿಯಾಗಿ ಎಣಿಸುತ್ತ ಬಲದ ಬಟನ್ ಒತ್ತತೊಡಗಿದರು. ಒತ್ತಿದಷ್ಟೂ ಚೆಂಡು ಸರಿಯಿತು. ವಿಂಡೋದ ಅಂಚು ಬಂದರೆ ನಿಲ್ಲಬೇಕು ಎಂದು ಮಾತ್ರ ನಾನು ಬರೆದಿರಲಿಲ್ಲ. ಚೆಂಡು ಅಂಚು ದಾಟಿ ಹೋಗಿಯೇಬಿಟ್ಟಿತು. ಅದರ ಹಿಂದೆಯೇ ನನ್ನ ನೌಕರಿಯೂ ಹೋಯಿತೆಂದುಕೊಂಡೆ.

"ಎಲ್ಲಿ ಹೋಯ್ತು?"

"ಹೊರಗಿದೆ ಮೇಡಂ. ಕಾಣಿಸ್ತಿಲ್ಲ ಅಷ್ಟೇ."

ಮೇಡಂ ಲ್ಯಾಪ್‌ಟಾಪಿನ ಬಲಪಕ್ಕ ಬಗ್ಗಿ ನೋಡಿದರು. ಲೀಡ್ ತಲೆಯೆತ್ತಿ ಫ್ಯಾನ್ ನೋಡುತ್ತಿದ್ದರು.

"ಬಲಕ್ಕೆ ಎಷ್ಟು ಸಲ ಒತ್ತಿದ್ರೋ ಅಷ್ಟೇ ಸಲ ಎಡಕ್ಕೆ ಒತ್ತಿ ಮೇಡಂ. ಹೊರಟ ಜಾಗಕ್ಕೇ ಬರತ್ತೆ" ಎಂದೆ.

ಒಂದು ಕಣ್ಣು ನನ್ನ ಮೇಲಿಟ್ಟೇ ಅವರು ಎಣಿಸಿದರು. ಚೆಂಡು ಅಂಚಿನಿಂದ ಇಣುಕಿತು, ಒಳಗೆ ಬಂತು, ಕೊನೆಯ ಎಣಿಕೆಗೆ ಸರಿಯಾಗಿ ಮೊದಲಿನ ಜಾಗದಲ್ಲಿ ಕೂತಿತು.

ಮೇಡಂ ಕನ್ನಡಕ ತೆಗೆದು ಹೊರಗಿನ ಹಾಲ್ ಕಡೆ ನೋಡಿದರು. ಅಲ್ಲಿ ಸಾಲು ಸಾಲು ಖಾಲಿ ಕುರ್ಚಿಗಳ ಮೇಲೆ ಫ್ಯಾನುಗಳು ತಿರುಗುತ್ತಿದ್ದವು.

"ಕೆಲಸ ನಿಮಗೇ ಕೊಟ್ಟೆ" ಎಂದರು. "ಹೊರಗೆ ಹೋದದ್ದು ಹೇಳಿದ ಹೊತ್ತಿಗೆ ತನ್ನ ಸೀಟಿಗೆ ವಾಪಸ್ ಬಂದದ್ದನ್ನು ಈ ಆಫೀಸಿನಲ್ಲಿ ನಾನು ಇದೇ ಮೊದಲು ನೋಡ್ತಿರೋದು!"