ಆರು ಗಂಟೆಗೆ ಸರಿಯಾಗಿ ಬಾರದ ನೀರು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಫೋನ್-ಇನ್ ಚಟ. ನಮ್ಮ ಮಂಗಳೂರಿನ ಪತ್ರಿಕೆಯವರು ಆಗಾಗ ಒಬ್ಬ ದೊಡ್ಡ ಅಧಿಕಾರಿಯನ್ನು ತಮ್ಮ ಕಚೇರಿಗೆ ಕರೆದು, ಕಾಫಿ ಕೊಟ್ಟು, ಒಂದು ಗಂಟೆ ಕಾಲ ಫೋನಿನ ಮುಂದೆ ಕೂರಿಸುತ್ತಾರೆ. ಊರಿನವರು ಯಾರು ಬೇಕಾದರೂ ಫೋನ್ ಮಾಡಿ ತಮ್ಮ ಬೀದಿಯ ದುಃಖ ಹೇಳಿಕೊಳ್ಳಬಹುದು. ಮರುದಿನ ಅದೆಲ್ಲ ಹೆಸರು, ಊರು ಸಮೇತ ಅಚ್ಚಾಗುತ್ತದೆ. ಮೂವತ್ತು ವರ್ಷ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿ ಸಾವಿರಾರು ಮಕ್ಕಳ ಹೆಸರು ಬರೆದವನ ಹೆಸರನ್ನು ಬೇರೆ ಯಾರೂ ಎಲ್ಲೂ ಬರೆದಿರಲಿಲ್ಲ. ನಿವೃತ್ತಿಯಾದ ಮೇಲೆ ಮೊದಲ ಸಲ ‘ಸುಧಾಕರ, ನಂತೂರು ಗುಡ್ಡೆ’ ಎಂದು ಪತ್ರಿಕೆಯಲ್ಲಿ ನೋಡಿದಾಗ ಆದ ಸಂತೋಷವನ್ನು ನನ್ನ ಮದುವೆಯ ಆಮಂತ್ರಣ ಪತ್ರ ಕೂಡ ಕೊಟ್ಟಿರಲಿಲ್ಲ. ಈ ಮಾತನ್ನು ಹೆಂಡತಿ ವಸಂತಿಯ ಎದುರು ಹೇಳಿ ಎರಡು ದಿನ ಸಪ್ಪೆ ಸಾರು ಉಂಡಿದ್ದೇನೆ.

ಹೀಗೆ ಹಗಲಲ್ಲೂ ಉರಿಯುವ ಬೀದಿದೀಪದಿಂದ ಹಿಡಿದು, ಸೂರಿಲ್ಲದ ಬಸ್ ತಂಗುದಾಣದವರೆಗೆ ನಾನು ಹನ್ನೊಂದು ದೂರು ಕೊಟ್ಟಿದ್ದೆ. ಎಲ್ಲದಕ್ಕೂ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂದಿತ್ತು. ಬಹಳ ಸಜ್ಜನಿಕೆಯ ಉತ್ತರ ಅದು. ಕೇಳಿದವನಿಗೂ ಸಮಾಧಾನ, ಹೇಳಿದವನಿಗೂ ಆಯಾಸವಿಲ್ಲ. ಹನ್ನೊಂದರಲ್ಲಿ ಒಂದಕ್ಕೂ ಪರಿಹಾರ ಸಿಗಲಿಲ್ಲವಾದ್ದರಿಂದ ನನ್ನಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆಡಳಿತವೂ ನಾನೂ ಹೀಗೆ ಅನ್ಯೋನ್ಯವಾಗಿದ್ದಾಗ ಹನ್ನೆರಡನೆಯ ದೂರು ಕೊಟ್ಟೆ. ಅದಕ್ಕೆ ಮಾತ್ರ ಪರಿಹಾರ ಸಿಕ್ಕಿಬಿಟ್ಟಿತು.

ನಮ್ಮ ಓಣಿ ಗುಡ್ಡೆಯ ಮೇಲಿದೆ. ಬೇಸಿಗೆಯಲ್ಲಿ ಬಾವಿಗಳು ತಳ ಕಾಣುತ್ತವೆ, ಆಗ ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರೇ ಗತಿ. ಈ ನೀರನ್ನು ಬಿಡುವವನು ಸಂಜೀವ, ವಾಲ್ವ್‌ಮ್ಯಾನ್. ಹಳೆಯ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಉದ್ದದ ಕಬ್ಬಿಣದ ಕೀಲಿ ಅಡ್ಡ ಇಟ್ಟುಕೊಂಡು ಬಂದು, ರಸ್ತೆಬದಿಯ ಗುಂಡಿಗಳಲ್ಲಿರುವ ವಾಲ್ವುಗಳನ್ನು ತಿರುಗಿಸುತ್ತಾನೆ. ತಿರುಗಿಸಿದ ಕೂಡಲೇ ಓಣಿಯ ಹೆಂಗಸರಿಗೆಲ್ಲ ಒಂದೊಂದು ಮಿಸ್ಡ್ ಕಾಲ್. ಒಂದೇ ರಿಂಗು. ಎತ್ತಬಾರದು, ಎತ್ತಿದರೆ ಅವನಿಗೆ ಸಿಟ್ಟು. ರಿಂಗಾಯಿತೆಂದರೆ ನೀರು ಬಂತು ಎಂದು ಅರ್ಥ. ನಮ್ಮಲ್ಲಿ ಈ ಏರ್ಪಾಡು ಹದಿನೆಂಟು ವರ್ಷಗಳಿಂದ ನಡೆದುಬಂದಿತ್ತು. ಇದಕ್ಕೆ ಆ್ಯಪ್ ಇರಲಿಲ್ಲ, ಉದ್ಘಾಟನೆ ಆಗಿರಲಿಲ್ಲ, ಆದ್ದರಿಂದ ಚೆನ್ನಾಗಿ ನಡೆಯುತ್ತಿತ್ತು.

ಆದರೆ ಅವನು ಬಿಡುತ್ತಿದ್ದದ್ದು ಒಮ್ಮೆ ಏಳೂಕಾಲಿಗೆ, ಒಮ್ಮೆ ಏಳೂವರೆಗೆ. ಟ್ಯಾಂಕಿನ ಬಳಿಯ ಫಲಕದಲ್ಲಿ ‘ನೀರು ಬಿಡುವ ಸಮಯ ಬೆಳಿಗ್ಗೆ 6’ ಎಂದು ಹಳದಿ ಬಣ್ಣದಲ್ಲಿ ಬರೆದಿದೆ. ಶಾಲೆಯ ಗಂಟೆ ಒಂದು ನಿಮಿಷ ತಡವಾದರೂ ಜವಾನನಿಗೆ ಮೆಮೊ ಬರೆದವನು ನಾನು. ನೀರಿನ ಅಭಾವವನ್ನು ಸಹಿಸಬಲ್ಲೆ, ಫಲಕದ ಅವಮಾನವನ್ನು ಸಹಿಸಲಾರೆ. ಒಂದು ಬೆಳಿಗ್ಗೆ ಸಂಜೀವನನ್ನು ತಡೆದು ನಿಲ್ಲಿಸಿ ಕೇಳಿದೆ.

“ಬಿಡ್ತೇನೆ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಲಿಕ್ಕೆ ಉಂಟು ಕೆಳಗೆ,” ಎಂದು ಹಲ್ಲು ಬಿಟ್ಟು ಹೊರಟೇಹೋದ. ನನ್ನ ಮೂವತ್ತು ವರ್ಷದ ಸರ್ವಿಸಿಗೆ ಇಷ್ಟೇ ಮರ್ಯಾದೆ. ಮುಂದಿನ ಫೋನ್-ಇನ್‌ನಲ್ಲಿ ಮೊದಲ ಕರೆ ನನ್ನದೇ ಆಗಿತ್ತು.

ವಸಂತಿ ಮೊದಲೇ ತಡೆದಿದ್ದಳು. “ನಿಮಗೆ ಎಂತ ಮಾರಾಯ್ರೆ, ನೀರು ಬರ್ತದಲ್ಲ? ಏಳಕ್ಕೆ ಬಂದ ನೀರಲ್ಲಿ ಅನ್ನ ಬೇಯುದಿಲ್ವಾ?” ಎಂದಳು. ಅವಳು ಹೇಳಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಅರ್ಧಕ್ಕರ್ಧ ಇಳಿದಿದೆ. ನಾಗರಿಕ ಪ್ರಜ್ಞೆ ಎಂದರೇನು ಎಂದು ನಾನು ವಿವರಿಸತೊಡಗಿದಾಗ ಅವಳು ಮಿಕ್ಸಿ ಹಾಕಿದಳು.

ಮೂರನೆಯ ದಿನವೇ ಪತ್ರಿಕೆಯಲ್ಲಿ ‘ದೂರಿಗೆ ಶೀಘ್ರ ಸ್ಪಂದನೆ’ ಎಂಬ ತಲೆಬರಹ. ನಂತೂರು ಗುಡ್ಡೆಯ ಸುಧಾಕರ ಅವರ ದೂರಿನ ಮೇರೆಗೆ ಸಮಯಪಾಲನೆ ಮಾಡದ ಸಿಬ್ಬಂದಿಯನ್ನು ವಾಮಂಜೂರು ಕಡೆಗೆ ವರ್ಗಾಯಿಸಲಾಗಿದೆ ಎಂದು ಅದರ ಕೆಳಗೆ. ಓದಿ ನಾನು ಬೆಚ್ಚಿದೆ. ರಸ್ತೆಯ ಹೊಂಡ ಮುಚ್ಚಿ ಎಂದರೆ ಮೂರು ಮಳೆಗಾಲ ಕಾಯಿಸುವವರು ಒಬ್ಬ ಬಡಪಾಯಿಯನ್ನು ಎತ್ತಿ ಹಾಕಲು ಮೂರು ದಿನ ಕೂಡ ತೆಗೆದುಕೊಂಡಿರಲಿಲ್ಲ. ಹೊಂಡ ಮುಚ್ಚಲು ಜಲ್ಲಿ, ಡಾಮರು ಬೇಕು, ವರ್ಗಾವಣೆಗೆ ಒಂದು ಹಾಳೆ ಸಾಕು ಎಂದು ಗುಮಾಸ್ತನಾದ ನನಗಾದರೂ ಹೊಳೆಯಬೇಕಿತ್ತು. ಪಾಪ ಎನಿಸಿತು. ಸುಳ್ಳು ಯಾಕೆ, ಪತ್ರಿಕೆಯ ತುಂಡನ್ನು ಕತ್ತರಿಸಿ ಕಡತಕ್ಕೂ ಸೇರಿಸಿದೆ.

ಹೊಸ ವಾಲ್ವ್‌ಮ್ಯಾನ್ ಬಂದರು. ಐವತ್ತು ದಾಟಿದವರು, ಕಿಸೆಯಲ್ಲಿ ಎರಡು ಪೆನ್ನು, ಕಂಕುಳಲ್ಲಿ ರಿಜಿಸ್ಟರು. ಆರು ಗಂಟೆಗೆ ಸರಿಯಾಗಿ ಎಲ್ಲ ವಾಲ್ವುಗಳನ್ನೂ ಪೂರ್ತಿ ತೆರೆದು, ಸಮಯ ಬರೆದು, ಸಹಿ ಹಾಕಿ ಹೋದರು. ಆರಕ್ಕೆ ನಾನು ಹೆಮ್ಮೆಯಿಂದ ನಲ್ಲಿ ತಿರುಗಿಸಿದೆ. ಅದು ಮುದುಕನ ಹಾಗೆ ದೀರ್ಘವಾಗಿ ಉಸಿರು ಬಿಟ್ಟಿತು. ಒಂದು ಹನಿ ಬಂತು. ಮತ್ತೆ ಉಸಿರು. ಎರಡು ದಿನ ಬಿಟ್ಟು ಮತ್ತೆ ಆರಕ್ಕೆ ಸರಿಯಾಗಿ ಗಾಳಿ ಬಂತು. ಗಾಳಿಯ ಸಮಯಪಾಲನೆಯಲ್ಲಿ ಯಾವ ದೋಷವೂ ಇರಲಿಲ್ಲ.

ಆಮೇಲೆ ತಿಳಿದ ಸಂಗತಿ ಇದು. ಸಂಜೀವ ಆರು ಗಂಟೆಗೇ ಬರುತ್ತಿದ್ದ. ಬಂದು ಕೆಳಗಿನ ಬಡಾವಣೆಗೆ ನೀರು ಬಿಟ್ಟು, ಒಂದು ಗಂಟೆ ಕಾದು, ಅಲ್ಲಿಯ ವಾಲ್ವುಗಳನ್ನು ಅಷ್ಟಷ್ಟೇ ಬಿಗಿದು, ಒತ್ತಡ ಏರಿದ ಮೇಲೆ ನಮ್ಮದನ್ನು ತೆರೆಯುತ್ತಿದ್ದ. ಯಾವುದನ್ನು ಎಷ್ಟು ಸುತ್ತು ಬಿಗಿಯಬೇಕು ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ, ಅವನ ಕೈಯಲ್ಲಿತ್ತು. ಆ ಕೈಯನ್ನು ನಾನು ವಾಮಂಜೂರಿಗೆ ಕಳಿಸಿದ್ದೆ. ಹೊಸಬರ ಹತ್ತಿರ ಮೆತ್ತಗೆ ಹೇಳಿ ನೋಡಿದೆ.

“ನನಗೆ ಆರಕ್ಕೆ ಬಿಡ್ಲಿಕ್ಕೆ ಬರೆದು ಕೊಟ್ಟಿದ್ದಾರೆ ಸರ್,” ಎಂದರು ಅವರು. “ಮೇಲೆ ಹೋಗ್ತದಾ ಇಲ್ವಾ ಅಂತ ನೋಡ್ಲಿಕ್ಕೆ ಬರೆದು ಕೊಡ್ಲಿಲ್ಲ. ಸಮಯ ಸ್ವಲ್ಪ ಆಚೀಚೆ ಆದ್ರೆ ಕಂಪ್ಲೇಂಟ್ ಮಾಡುವವರು ಇದ್ದಾರಂತೆ ಇಲ್ಲಿ. ನಮಗೆ ಯಾಕೆ?”

ಹೌದು, ಇದ್ದಾರೆ ಎಂದು ಹೇಳಿ ಮನೆಗೆ ಬಂದೆ.

ಇಷ್ಟೇ ಆಗಿದ್ದರೆ ನಾನೂ ವಸಂತಿಯೂ ಮಿಂದಂತೆ ಮಾಡಿ ಹೇಗೋ ಬೇಸಿಗೆ ಕಳೆಯುತ್ತಿದ್ದೆವು. ಆದರೆ ಎದುರು ಮನೆಯ ಹಮೀದಾಕನ ಮಗಳಿಗೆ ಮದುವೆ ಗೊತ್ತಾಗಿತ್ತು. ಹಮೀದಾಕನಿಗೆ ಬಂದರಿನಲ್ಲಿ ಅಕ್ಕಿಯ ಸಗಟು ಅಂಗಡಿ. ಕೊನೆಯ ಮಗಳು, ಮನೆಯ ಕೊನೆಯ ಮದುವೆ. ನಿಖಾ ಹಾಲ್‌ನಲ್ಲಾದರೂ ದುಬೈ, ದಮ್ಮಾಮಿನಿಂದ ಬರುವ ನೆಂಟರೆಲ್ಲ ಮನೆಯಲ್ಲೇ. ನಾಲ್ಕು ದಿನ ಅಡುಗೆ, ನಾಲ್ಕು ದಿನ ಸ್ನಾನ. ಬೇಸಿಗೆಯಲ್ಲಿ ಟ್ಯಾಂಕರಿನವರು ಫೋನ್ ಎತ್ತುವುದಿಲ್ಲ, ಎತ್ತಿದರೂ ನಮ್ಮ ಓಣಿಯ ತಿರುವಿನಲ್ಲಿ ಟ್ಯಾಂಕರು ಹಿಡಿಸುವುದಿಲ್ಲ. ಹಮೀದಾಕ ಖಾಲಿ ಟ್ಯಾಂಕಿಗೆ ಬೆರಳಿಂದ ಬಡಿದು ಶಬ್ದ ಕೇಳುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಅವರು ಪತ್ರಿಕೆ ಓದುವವರು, ಎಲ್ಲ ಗೊತ್ತಿತ್ತು. ಆದರೂ ಮದುವೆಗೆ ಕರೆಯಲು ಬಂದಾಗ, “ಸುಧಾಕರಣ್ಣ, ನೀವು ಮನೆಯವರ ಹಾಗೆ. ನಾಲ್ಕು ದಿನ ಅಲ್ಲೇ ಇರ್ಬೇಕು,” ಎಂದಷ್ಟೇ ಹೇಳಿದರು. ಎರಡು ಬೈಗುಳ ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ನೆಂಟರು ಬಂದಿಳಿದ ದಿನ ಬೆಳಿಗ್ಗೆ ಟ್ಯಾಂಕಿನಲ್ಲಿ ಗೇಣು ನೀರು. ದಮ್ಮಾಮಿನಿಂದ ಬಂದವರೊಬ್ಬರು ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತಿದ್ದರು. ಮರಳುಗಾಡಿನಲ್ಲಿ ಕೂಡ ಅವರಿಗೆ ಹೀಗೆ ಆಗಿರಲಿಲ್ಲವಂತೆ. ನಮ್ಮ ಮನೆಯ ಕೊನೆಯ ಎರಡು ಕೊಡ ನೀರನ್ನು ಅವರಿಗೆ ಕಳಿಸಿ ಬಂದ ವಸಂತಿ ನನ್ನ ಮುಖ ಕೂಡ ನೋಡದೆ ಫೋನ್ ತೆಗೆದು ಒಂದೇ ಒಂದು ರಿಂಗು ಕೊಟ್ಟು ಇಟ್ಟಳು. ಅರ್ಧ ಗಂಟೆಯಲ್ಲಿ ಸಂಜೀವನ ಸ್ಕೂಟರು ಗುಡ್ಡೆ ಹತ್ತಿತು. ಅವನಿಗೆ ಅಂದು ರಜೆ. ಹೊಸಬರು ರಿಜಿಸ್ಟರಿಗೆ ಸಹಿ ಹಾಕಿ ಹೋದ ಮೇಲೆ, ಸಂಜೀವ ತನ್ನ ಸ್ವಂತ ಕೀಲಿ ಹಿಡಿದು ಗುಂಡಿಯಿಂದ ಗುಂಡಿಗೆ ನಡೆದ. ಒಂದು ಕಡೆ ಮೂರು ಸುತ್ತು, ಇನ್ನೊಂದು ಕಡೆ ಒಂದೂವರೆ. ಏಳೂಕಾಲಿಗೆ ಹಮೀದಾಕನ ಟ್ಯಾಂಕಿಗೆ ನೀರು ಧುಮುಕಿತು. ಆ ಮನೆಯ ಹೆಂಗಸರು ಅವನನ್ನು ಕೂರಿಸಿ ಹಬ್ಬದ ಹಾಗೆ ಬಡಿಸಿದರು. ಹೀಗೆ ಮದುವೆ ಮುಗಿಯುವವರೆಗೂ ಅವನು ಕದ್ದು ಬಂದು ನೀರು ಬಿಟ್ಟ. ಸರಕಾರಿ ನೀರನ್ನು ಸರಕಾರಿ ನೌಕರ ಕಳ್ಳತನದಿಂದ ಬಿಡಬೇಕಾಗಿ ಬಂದದ್ದು ನನ್ನ ನಾಗರಿಕ ಪ್ರಜ್ಞೆಯಿಂದ.

ಕೊನೆಯ ದಿನ ಹೊರಡುವಾಗ ಸಂಜೀವ ನನ್ನ ಬಳಿ ಬಂದ. ನಾನು ಅವನ ಚಪ್ಪಲಿ ನೋಡುತ್ತ ನಿಂತೆ.

“ಸರ್, ದಿನಾ ಹೀಗೆ ಬರ್ಲಿಕ್ಕೆ ಆಗುದಿಲ್ಲ. ಗೊತ್ತಾದ್ರೆ ಕೆಲಸ ಹೋಗ್ತದೆ, ನನಗೂ ಎರಡು ಮಕ್ಕಳುಂಟು. ನೀವು ಒಂದು ಫೋನ್ ಮಾಡಿ, ನನ್ನನ್ನು ಇಲ್ಲಿಗೇ ಹಾಕಿ ಅಂತ ಹೇಳಿ. ನಿಮ್ಮ ಫೋನಿಗೆ ಬೆಲೆ ಉಂಟು ಅಲ್ಲಿ.” ವ್ಯಂಗ್ಯ ಇರಬಹುದೇ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ನಿಜವಾಗಿ ನಂಬಿದ್ದ.

ಮುಂದಿನ ಫೋನ್-ಇನ್‌ಗೆ ತಯಾರಾದೆ. ‘ನನ್ನ ದೂರು ತಪ್ಪು. ಸಂಜೀವನನ್ನು ವಾಪಸ್ ಕಳಿಸಿ’ ಎಂದು ಚೀಟಿಯಲ್ಲಿ ಬರೆದುಕೊಂಡೆ. ಎರಡೇ ವಾಕ್ಯ. ಇಷ್ಟು ಚಿಕ್ಕ ಅರ್ಜಿಯನ್ನು ನಾನು ಸರ್ವಿಸಿನಲ್ಲಿ ಬರೆದದ್ದೇ ಇಲ್ಲ. ವಸಂತಿ ಕೇಳಬಾರದೆಂದು ಕೋಣೆಯ ಬಾಗಿಲು ಹಾಕಿಕೊಂಡು ಫೋನ್ ಮಾಡಿದೆ. ಲೈನು ಸಿಕ್ಕಿತು. ಹೆಸರು ಹೇಳಿದ್ದೇ ತಡ, ಅಧಿಕಾರಿಗಳು, “ಓಹೋ, ಸುಧಾಕರ್ ಅವರೇ, ನಮಸ್ಕಾರ. ನಿಮ್ಮ ಸಮಸ್ಯೆ ಸರಿಯಾಯ್ತಲ್ಲ? ಈಗ ಆರಕ್ಕೆ ಸರಿಯಾಗಿ ಬಿಡ್ತಾರಲ್ವಾ?” ಎಂದರು.

“ಬಿಡ್ತಾರೆ ಸರ್,” ಎಂದೆ. ಅದು ಸುಳ್ಳಾಗಿರಲಿಲ್ಲ.

“ನಿಮ್ಮಂಥ ಜಾಗೃತ ನಾಗರಿಕರು ವಾರ್ಡಿಗೆ ಒಬ್ಬರು ಇದ್ರೆ ಸಾಕು ನೋಡಿ, ನಮ್ಮ ಕೆಲಸ ಸುಲಭ ಆಗ್ತದೆ. ಬೇರೆ ಏನಾದ್ರೂ ಉಂಟಾ?”

ಚೀಟಿ ಕೈಯಲ್ಲೇ ಇತ್ತು. ಓದುಗರೇ, ದೊಡ್ಡ ಹುದ್ದೆಯವರ ಬಾಯಿಂದ ಇಂಥ ಮಾತು ನಿಮಗೆ ಎಂದಾದರೂ ಸಿಕ್ಕಿದೆಯೇ? ಮೂವತ್ತು ವರ್ಷದಲ್ಲಿ ನನ್ನ ಹೆಡ್‌ಮಾಸ್ಟರರಲ್ಲಿ ಒಬ್ಬರೂ ಆಡಿರಲಿಲ್ಲ. ಎದೆ ಎರಡಿಂಚು ಉಬ್ಬಿತು. ಆ ಉಬ್ಬಿದ ಎದೆಯಿಂದ ಹೊರಬಂದದ್ದು, “ಇಲ್ಲ ಸರ್, ತುಂಬಾ ಧನ್ಯವಾದ.” ಮುಂದಿನ ಕರೆಯವರು ಆಗಲೇ ಲೈನಿನಲ್ಲಿದ್ದರು.

ಹೊರಗೆ ಬಂದು, “ಹೇಳಿದೆ. ಪರಿಶೀಲಿಸ್ತಾರಂತೆ,” ಎಂದೆ ವಸಂತಿಗೆ. ಮರುದಿನ ಬೆಳಿಗ್ಗೆ ಅವಳೇ ಮೊದಲು ಪತ್ರಿಕೆ ಬಿಡಿಸಿದಳು. ‘ಸಮಯಕ್ಕೆ ಸರಿಯಾಗಿ ನೀರು: ನಂತೂರು ಗುಡ್ಡೆ ನಾಗರಿಕರಿಂದ ಅಭಿನಂದನೆ.’ ಕೆಳಗೆ ನನ್ನ ಹೆಸರು. ಜೋರಾಗಿ, ಅಕ್ಷರ ಅಕ್ಷರ ಬಿಡಿಸಿ ಓದಿದಳು. ಆಮೇಲೆ ಪಾತ್ರೆ ತೊಳೆಯಲು ಹೋಗಿ, ನೀರಿಲ್ಲದೆ ವಾಪಸು ಬಂದಳು. ಆ ಬೆಳಿಗ್ಗೆ ನನಗೆ ನನ್ನ ಹೆಸರಿನ ಮೇಲೇ ಹೇಸಿಗೆಯಾಯಿತು.

ಅಂದಿನಿಂದ ನಮ್ಮ ಓಣಿಯವರೆಲ್ಲ ಕ್ಯಾನು, ಕೊಡ ಹಿಡಿದು ಕೆಳಗಿನ ಬಡಾವಣೆಗೆ ಇಳಿಯುತ್ತೇವೆ. ಅಲ್ಲೀಗ ನೀರಿಗೆ ಬರವಿಲ್ಲ. ಮೊದಲು ಸಂಜೀವ ಬಿಗಿಯುತ್ತಿದ್ದ ವಾಲ್ವುಗಳು ಈಗ ಪೂರ್ತಿ ತೆರೆದಿರುವುದರಿಂದ ಅಲ್ಲಿಯವರು ಕಾರು ತೊಳೆಯುತ್ತಾರೆ, ಕ್ರೋಟನ್ ಗಿಡಗಳಿಗೆ ಪೈಪು ಹಿಡಿಯುತ್ತಾರೆ. ಕೃತಜ್ಞತೆಯುಳ್ಳ ಜನ. ಕಳೆದ ಭಾನುವಾರ ಅವರ ನಿವಾಸಿಗಳ ಸಂಘದವರು ಮನೆಗೆ ಬಂದು, ವಾರ್ಷಿಕೋತ್ಸವದಲ್ಲಿ ನನಗೆ ಸನ್ಮಾನ ಎಂದರು. ನನ್ನ ಫೋನಿನಿಂದಾಗಿ ಅವರ ಬಹುಕಾಲದ ನೀರಿನ ತೊಂದರೆ ನೀಗಿತಂತೆ. ಬೇಡ ಎನ್ನಲು ಬಾಯಿ ತೆರೆದೆ. ‘ಎಷ್ಟು ಗಂಟೆಗೆ?’ ಎಂಬ ಮಾತು ಹೊರಬಂತು.

“ಹೋಗುವಾಗ ಎರಡು ಕ್ಯಾನ್ ತಕೊಂಡು ಹೋಗಿ,” ಎಂದಳು ವಸಂತಿ.

ತಕೊಂಡು ಹೋದೆ. ಪೇಟ ತೊಡಿಸಿದರು, ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಜಾಗೃತ ನಾಗರಿಕ ಎಂದು ಮೈಕಿನಲ್ಲಿ ಮೂರು ಸಲ ಕರೆದರು. ಬುಟ್ಟಿಯನ್ನು ಆಮೇಲೆ ಬಂದು ಒಯ್ಯುತ್ತೇನೆಂದು ಅಲ್ಲೇ ಇಟ್ಟು, ಕಾರ್ಯದರ್ಶಿಯ ಮನೆಯ ನಲ್ಲಿಯಲ್ಲಿ ಕ್ಯಾನು ತುಂಬಿಸಿಕೊಂಡು ಗುಡ್ಡೆ ಹತ್ತತೊಡಗಿದೆ. ಅರ್ಧ ದಾರಿಯಲ್ಲಿ ಶಾಲು ಹೆಗಲಿಂದ ಜಾರಿ ಮಣ್ಣಿಗೆ ಬಿತ್ತು. ಎರಡೂ ಕೈಯಲ್ಲಿ ನೀರು, ಬಗ್ಗಿದರೆ ಪೇಟ ಬೀಳುತ್ತದೆ. ಏನು ಮಾಡುವುದೆಂದು ತಿಳಿಯದೆ ನಿಂತಿದ್ದಾಗ ಎದುರಿನಿಂದ ಖಾಲಿ ಕೊಡ ಹಿಡಿದು ಹಮೀದಾಕ ಇಳಿದು ಬಂದರು. ಕೊಡ ಕೆಳಗಿಟ್ಟು, ಶಾಲನ್ನು ಎತ್ತಿ, ಮಣ್ಣು ಕೊಡವಿ, ನನ್ನ ಹೆಗಲಿಗೆ ಚೆನ್ನಾಗಿ ಹೊದೆಸಿದರು.

“ಬೀಳಿಸ್ಬೇಡಿ ಸುಧಾಕರಣ್ಣ,” ಎಂದರು. “ನಮ್ಮ ಇಡೀ ಓಣಿ ನೀರು ಬಿಟ್ಟು ಕೊಟ್ಟು ನಿಮಗೆ ತೆಗೆಸಿಕೊಟ್ಟ ಶಾಲು ಅದು.”

ನಾನು ಧನ್ಯವಾದ ಹೇಳಿದೆ. ಆ ಮಾತು ನನಗೆ ಈಗ ಚೆನ್ನಾಗಿ ಅಭ್ಯಾಸವಾಗಿದೆ.