ಜೋಳದ ಚೀಲ ಹೊತ್ತು ಲೆನ್ಸ್ ಆರಿಸಿದ ಮಾವ

ನಮ್ಮ ಸೋದರಮಾವನ ತಲೆ ಸರಿಯಿಲ್ಲ ಎಂದು ರಾಯಚೂರಿನಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ?

ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವರು. ಚಿಕ್ಕಂದಿನಲ್ಲಿ ರಜೆಗೆ ಹೋದರೆ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ನಿಂತ ಮಾವನ ಬೆನ್ನೇ ನನಗೆ ಹೆಚ್ಚು ಪರಿಚಯ. ಮುಖ ಕಾಣುತ್ತಿದ್ದದ್ದು ಊಟದ ಹೊತ್ತಿಗೆ ಮಾತ್ರ. ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಕಂಬ ಕೂದಲೆಳೆಯಷ್ಟು ವಾಲಿ ಕಂಡರೂ ಇಡೀ ಬೀಗರ ದಂಡನ್ನು ಮತ್ತೆ ನಿಲ್ಲಿಸುತ್ತಿದ್ದರು. ಊಟ ಆರಿದರೆ ಆರಲಿ!

ಸ್ಟುಡಿಯೋ ಮುಚ್ಚಿದ ಮೇಲಾದರೂ ಸುಮ್ಮನಿರಬೇಕಲ್ಲ? ಹಳೇ ಕಟ್ಟಡಗಳ ಹುಚ್ಚು ಹತ್ತಿತು. ಡಿಜಿಟಲ್ ಟೆಕ್ನಿಕಲ್ ಕ್ಯಾಮೆರಾ ಬಂತು. ಕ್ಯಾಮೆರಾ ಎತ್ತದೆ ಲೆನ್ಸನ್ನಷ್ಟೇ ಮೇಲೆ ಸರಿಸಿ, ಎತ್ತರದ ಗೋಡೆಯನ್ನು ವಾಲದಂತೆ ನಿಲ್ಲಿಸುವ ಯಂತ್ರ ಅದು. ಇಕ್ಕಟ್ಟಿನ ಓಣಿಯಲ್ಲಿ ಹಿಂದೆ ಸರಿಯಲು ಜಾಗವೆಲ್ಲಿ? ಹಾಗಾಗಿ ಅಗಲಕ್ಕೆ ನೋಡುವ ವೈಡ್ ಲೆನ್ಸ್ ಬೇಕಾಯಿತು. ಹೈದರಾಬಾದಿನ ಅಂಗಡಿಯ ಗೆಳೆಯರೊಬ್ಬರು ಎರಡು ಲೆನ್ಸ್ ಕೊಟ್ಟು, ವಾರದೊಳಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳಿಸಲು ಹೇಳಿದರು. ದೊಡ್ಡದು ಒಂದೂವರೆ ಕಿಲೋ. ಚಿತ್ರ ಮೂಲೆಮೂಲೆಗೂ ಸ್ವಚ್ಛ. ಚಿಕ್ಕದು ಅರ್ಧ ಕಿಲೋ ಸಹ ಇಲ್ಲ. ಆದರೆ ಹೆಚ್ಚು ಮೇಲೆ ಸರಿಸಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ.

ಇದರಲ್ಲಿ ಆರಿಸಲಿಕ್ಕೇನಿದೆ? ಮೂಲೆ ಕಪ್ಪಾದರೆ ಊಟ ಬಿಡುವ ಮನುಷ್ಯ! ಆದರೆ ಮಾವ ಎರಡನ್ನೂ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸಿ, ಅಷ್ಟಷ್ಟೇ ತೂಕದ ಜೋಳವನ್ನು ಎರಡು ಚೀಲಕ್ಕೆ ತುಂಬಿಸಿದರು. ಒಂದು ದಿನ ಒಂದು, ಮರುದಿನ ಇನ್ನೊಂದು, ಹೆಗಲಿಗೆ ಹಾಕಿಕೊಂಡು ಕೋಟೆಯ ಗುಡ್ಡ ಹತ್ತಿದರು. ನಿಜವಾದ ಲೆನ್ಸ್ ಬಿದ್ದರೆ ಒಡೆಯುತ್ತದೆ, ಜೋಳ ಬಿದ್ದರೆ ಪಾರಿವಾಳಗಳು ತಿನ್ನುತ್ತವೆ ಎಂಬುದು ಅವರ ವಾದ. ವಾಕಿಂಗಿಗೆ ಬಂದ ಹಿರಿಯರೊಬ್ಬರು ಇದೇನು ಹರಕೆಯೇ ಎಂದು ಕೇಳಿದರಂತೆ.

"ಹರಕಿ ಹೌದ್ರಿ. ಯಾವ ದೇವರಿಗಂತ ಇನ್ನಾ ಗೊತ್ತಾಗಿಲ್ಲ."

ಮೂರನೇ ದಿನ ಮಾನ್ವಿಯ ಹಳೇ ಅಕ್ಕಿ ಗಿರಣಿಗೆ ನನ್ನ ಕಾರಿನಲ್ಲಿ ಸವಾರಿ. ಬಿಸಿಲು ಸರಿಯುತ್ತದೆಂದು ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಗೊಡಲಿಲ್ಲ. ಫೋಟೋ ಎಂದೊಡನೆ ಗಿರಣಿಯ ಮಾಲೀಕರು ಗರಿಗರಿ ಧೋತರ ಉಟ್ಟು, ಮೀಸೆ ತೀಡಿ, ಬಾಗಿಲ ಮುಂದೆ ನಿಂತುಬಿಟ್ಟರು. ಮಾವ ಕಾಲು ಗಂಟೆ ತಿರುಪು ತಿರುವಿ, ಕೊನೆಗೆ ತಲೆ ಎತ್ತಿದರು.

"ಸಾವ್ಕಾರ್ರ, ಸ್ವಲ್ಪ ಸರೀರಿ. ಗ್ವಾಡಿ ಕಾಣವಲ್ದು."

ದೊಡ್ಡ ಲೆನ್ಸಿನ ಚಿತ್ರದಲ್ಲಿ ಗಿರಣಿಯ ಇಟ್ಟಿಗೆಗಳನ್ನು ಎಣಿಸಬಹುದಿತ್ತು. ಮಾವ ಎಣಿಸಿದರು ಕೂಡ! ಆಯ್ಕೆ ಮುಗಿಯಿತೆಂದುಕೊಂಡೆ.

ಶುಕ್ರವಾರ ದೇವದುರ್ಗಕ್ಕೆ ಹೊರಟೆವು. ಅತ್ತೆ ಇಪ್ಪತ್ತು ವರ್ಷ ಕಲಿಸಿದ ಶಾಲೆಯ ಕಲ್ಲಿನ ಕಟ್ಟಡವನ್ನು ಕೆಡವುವವರಿದ್ದರು. ಅತ್ತೆಯೂ ಬಂದರು. ಮೊದಲಿನಿಂದಲೂ ಅವರಿಬ್ಬರದು ಅದೇ ಕ್ರಮ: ಕ್ಯಾಮೆರಾ, ಸ್ಟ್ಯಾಂಡು ಮಾವನಿಗೆ, ಲೆನ್ಸಿನ ಚೀಲ ಅತ್ತೆಗೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಭುಜದ ಮೂಳೆ ಮುರಿದ ಮೇಲೆ ಅತ್ತೆ ಹೀಗೆ ಹೊರಟದ್ದು ಇದೇ ಮೊದಲು. ಚೀಲ ನಾನು ಹಿಡಿಯುತ್ತೇನೆಂದರೆ ಕೊಡಲಿಲ್ಲ.

"ನಿಮ್ಮ ಮಾಮಾಗ ಯಾವಾಗ ಏನು ಬೇಕಂತ ನನಗ ಗೊತ್ತು. ನಿನಗೇನು ಗೊತ್ತದ?"

ಕಾರು ಹೋಗದ ಓಣಿ. ಎರಡೂ ಲೆನ್ಸಿದ್ದ ಚೀಲ ಹೊತ್ತ ಅತ್ತೆ ಮುಂದೆ. ಶಾಲೆಯನ್ನು ನೋಡುವುದು ಬಿಟ್ಟು ಅತ್ತೆಯ ಭುಜವನ್ನೇ ನೋಡುತ್ತ ಮಾವ ಹಿಂದೆ. ಅರ್ಧ ದಾರಿಯಲ್ಲಿ ಅತ್ತೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಮಾವ ಅಲ್ಲೇ ನಿಂತರು. ಚೀಲದಿಂದ ದೊಡ್ಡ ಲೆನ್ಸನ್ನು ತೆಗೆದು ನನ್ನ ಕೈಗಿಟ್ಟು, ಕಾರಿನಲ್ಲಿ ಇಟ್ಟು ಬಾ ಅಂದರು. ಮಾವ ಜೋಳ ಹೊತ್ತು ಗುಡ್ಡ ಹತ್ತಿದ್ದು ತಮ್ಮ ಮೊಣಕಾಲಿನ ಚಿಂತೆಗೆ ಎಂದುಕೊಂಡಿದ್ದೆ ನಾನು, ಅತ್ತೆಯ ಭುಜದ ಚಿಂತೆಗೆಂದು ಹೊಳೆದಿರಲೇ ಇಲ್ಲ.

"ಮಾಮಾ, ಮೂಲಿ ಕರ್ರಗ ಬರ್ತಾವಲ್ಲ?"

"ಬರ್ಲಿ ಬಿಡೋ," ಎಂದರು ಮೆಲ್ಲಗೆ. "ಆಕಿ ಬರಬೇಕಲ್ಲ, ನನ್ನ ಜೋಡಿ."

ಶಾಲೆಯ ಮುಂದೆ ಸ್ಟ್ಯಾಂಡು ನಿಂತಿತು. ಕ್ಯಾಮೆರಾದಿಂದ ಕಣ್ಣು ಕೀಳದೆ ಮಾವ ಕೈ ಚಾಚಿದರು, ಏನು ಬೇಕೆಂದು ಹೇಳಲಿಲ್ಲ. ಅತ್ತೆ ಕೇಳಲೂ ಇಲ್ಲ, ಲೆನ್ಸ್ ಒರೆಸುವ ಬಟ್ಟೆ ಕೊಟ್ಟರು.

ಆ ಶಾಲೆ ಈಗಿಲ್ಲ. ದೊಡ್ಡ ಲೆನ್ಸು ಮರುದಿನವೇ ಹೈದರಾಬಾದಿಗೆ ವಾಪಸಾಯಿತು. ಮೊನ್ನೆ ಮಾವ, ಅತ್ತೆ ಇಬ್ಬರೂ ಚಿಕ್ಕ ಲೆನ್ಸಿನ ಚೀಲ ಹಿಡಿದು ಬಸ್ಸು ಹತ್ತಿ ದೇವಸುಗೂರಿಗೆ ಹೋಗಿ, ಕೃಷ್ಣೆಯ ದಂಡೆಯಲ್ಲಿ ಸಂಜೆತನಕ ಕೂತು ಬಂದರಂತೆ. ನನ್ನನ್ನು ಕರೆಯಲೇ ಇಲ್ಲ.