ಪಾಪಕುರಾ ಹಾಲ್‌ನ ಸಿಂಹಕ್ಕೆ ಓದುಗರ ಪ್ರತಿಕ್ರಿಯೆ

ಮೃಗಾಲಯದ ಬೇಲಿಯೊಳಗಿರುವವನ್ನು ಬಿಟ್ಟರೆ ನ್ಯೂಜಿಲೆಂಡಿನಲ್ಲಿ ಸಿಂಹಗಳಿಲ್ಲ. ಹುಲಿ, ಚಿರತೆ, ಕರಡಿಗಳೂ ಇಲ್ಲ, ಹಾವು ಕೂಡ ಇಲ್ಲ. ಇಷ್ಟು ನಿರಪಾಯವಾದ ದೇಶದಲ್ಲಿ ಗಂಡಸಾದವನು ತನ್ನ ಶೌರ್ಯವನ್ನು ಎಲ್ಲಿ ತೋರಿಸಬೇಕು ಎಂಬ ಪ್ರಶ್ನೆ 2016ರ ಆರಂಭದಲ್ಲಿ ಪಾಪಕುರಾ-ತಕಾನಿನಿ ಕನ್ನಡ ಸ್ನೇಹಬಳಗದ ಕಾರ್ಯಕಾರಿ ಸಮಿತಿಯ ಮುಂದೆ ಬಂತು. ಸಮಿತಿ ಅದನ್ನು ಕಾಫಿ ಮುಗಿಯುವಷ್ಟರಲ್ಲಿ ಬಗೆಹರಿಸಿತು. ಸದಸ್ಯರೆಲ್ಲ ಸೇರಿ ಆಫ್ರಿಕಾದ ಶಿಕಾರಿ ಕಥೆಗಳ ಸಂಕಲನವೊಂದನ್ನು ಬರೆಯತಕ್ಕದ್ದು ಎಂದು ಠರಾವಾಯಿತು.

ಆಫ್ರಿಕಾವೇ ಏಕೆ ಎಂದು ಈಗಲೂ ಕೆಲವರು ಕೇಳುತ್ತಾರೆ. ಕೇಳುವವರು ಹಿಂದಿನ ವರ್ಷದ ಊರ ನೆನಪುಗಳ ಸಂಕಲನಕ್ಕೆ ಆದ ಗತಿಯನ್ನು ಮರೆತಿದ್ದಾರೆ. ಅದರಲ್ಲಿ ಮೈಸೂರಿಗೆ ಹೆಚ್ಚು ಪುಟ ಹೋಯಿತೆಂದು ಧಾರವಾಡದವರು ಮುನಿಸಿಕೊಂಡರು. ಮುನ್ನುಡಿಯಲ್ಲಿ ಬೆಂಗಳೂರಿನ ಹೆಸರು ಮೊದಲು ಬಂತೆಂದು ಮೈಸೂರಿನವರು ಮುನಿಸಿಕೊಂಡರು. ಆ ಯುಗಾದಿಗೆ ಒಂದೇ ಬಳಗದ ಹೋಳಿಗೆ ಊಟ ಮೂರು ಕಡೆ ನಡೆಯಿತು. ಆದ್ದರಿಂದ ಈ ಸಲ ಯಾರೂ ಕಾಲಿಡದ ಜಾಗವನ್ನೇ ಆರಿಸಲಾಯಿತು. ಯಾರೂ ನೋಡದ ಖಂಡದಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ. ಬಳಗದ ಬಹುಪಾಲು ಮನೆಗಳಲ್ಲಿ ಮೊಟ್ಟೆಯನ್ನು ಕೂಡ ಅತಿಥಿಗಳು ಬಂದಾಗ ಬಚ್ಚಿಡುವ ಪದ್ಧತಿ ಇರುವುದರಿಂದ ಶಿಕಾರಿಯ ವಿಷಯದಲ್ಲೂ ಒಬ್ಬರಿಗಿಂತ ಒಬ್ಬರು ಹೆಚ್ಚು ತಿಳಿದವರಿರಲಿಲ್ಲ.

ಆಫ್ರಿಕಾದ ನೆಲ ಮುಟ್ಟಿದ್ದವರು ಒಬ್ಬರೇ, ಧಾರವಾಡದ ಉದಯಶಂಕರ್. ಒಮ್ಮೆ ವಿಮಾನ ಬದಲಿಸಲು ಅವರು ಜೋಹಾನ್ಸ್‌ಬರ್ಗ್ ನಿಲ್ದಾಣದಲ್ಲಿ ಅರ್ಧ ದಿನ ಕುಳಿತಿದ್ದರು. ಸ್ವಂತ ಅನುಭವ ಇದ್ದವರು ಬರೆದರೆ ಉಳಿದವರ ಸೃಜನಶೀಲತೆಗೆ ಧಕ್ಕೆಯಾಗುತ್ತದೆಂದು ಸಮಿತಿ ಅವರನ್ನು ಅನರ್ಹಗೊಳಿಸಿತು.

“ನಾ ಹೊರಗ ಕಾಲ ಸೈತ ಇಟ್ಟಿಲ್ಲರೀ. ಬರೇ ಒಂದ್ ಕಪ್ ಚಾ ಕುಡದೇನಿ” ಎಂದು ಅವರು ಅಲವತ್ತುಕೊಂಡರು.

“ಚಹಾ ಕುಡಿದಿದ್ದನ್ನ ಒಪ್ಕೊಂಡ್ರಲ್ಲ ಸರ್, ಅಷ್ಟು ಸಾಕು” ಎಂದರು ಅಧ್ಯಕ್ಷ ಪ್ರಕಾಶ್.

ನಿಯಮಗಳು ಸರಳವಾಗಿದ್ದವು. ಕಥೆಗಳೆಲ್ಲ ‘ನಾನು’ ಎಂದೇ ಶುರುವಾಗತಕ್ಕದ್ದು, ಏಕೆಂದರೆ ಹಿಂದಿನ ಸಂಕಲನದಲ್ಲಿ ಅನುಭವದ ಬಿಸಿ ಸಾಲದೆಂದು ದೂರು ಬಂದಿತ್ತು. ಕಥೆ ಮುಗಿಯುವ ಹೊತ್ತಿಗೆ ಪ್ರಾಣಿ ಸತ್ತಿರತಕ್ಕದ್ದು. ಆದರೆ ಸಸ್ಯಾಹಾರಿ ಓದುಗರ ಹಿತದೃಷ್ಟಿಯಿಂದ ರಕ್ತ ಬರತಕ್ಕದ್ದಲ್ಲ.

ಹಾಗೆ ಹನ್ನೆರಡು ಮನೆಗಳಿಂದ ಹನ್ನೆರಡು ಶಿಕಾರಿಗಳು ನಡೆದವು. ಸಾಫ್ಟ್‌ವೇರ್ ಕೆಲಸದ ಪ್ರಕಾಶ್ ಉಳಿದೆಲ್ಲರ ಕಥೆಗಳು ಕೈಸೇರುವವರೆಗೆ ಕಾದರು. ಅವುಗಳಲ್ಲಿ ಅತಿ ಉದ್ದದ ಸಿಂಹ ಒಂಬತ್ತು ಅಡಿಯದು. ಮರುದಿನ ಅಧ್ಯಕ್ಷರ ಕೋವಿಗೆ ಹನ್ನೊಂದು ಅಡಿಯ ಸಿಂಹ ಬಿತ್ತು. ತಕಾನಿನಿಯ ಹೊಸ ಬಡಾವಣೆಯಲ್ಲಿರುವ ಎಂಜಿನಿಯರ್ ಧನಂಜಯನಿಗೆ ಕೋವಿಗಳ ಹೆಸರೇ ಗೊತ್ತಿರಲಿಲ್ಲ. ಅವನ ಕಥೆಯಲ್ಲಿ ಯೂಟ್, ಅಂದರೆ ಇಲ್ಲಿನ ಪಿಕಪ್ ಗಾಡಿ, ಪಂಕ್ಚರ್ ಆಗುತ್ತದೆ, ಚಕ್ರ ಬದಲಿಸುವಾಗ ಸಿಂಹ ಬರುತ್ತದೆ, ಅವನು ವೀಲ್ ಸ್ಪ್ಯಾನರಿನ ಒಂದೇ ಏಟಿಗೆ ಅದನ್ನು ಮಲಗಿಸಿ, ಉಳಿದ ನಟ್ಟುಗಳನ್ನು ಬಿಗಿ ಮಾಡಿಕೊಂಡು ಹೊರಡುತ್ತಾನೆ. ಇದನ್ನು ಬರೆಯುತ್ತಿರುವ ನಾನು, ಅನಂತ್, ಒಂದು ಜಿರಾಫೆಯನ್ನು ಹೊಡೆದೆ. ಸಂಕಲನದಲ್ಲೇ ಅತಿ ಎತ್ತರದ ಪ್ರಾಣಿ ಅದು. ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲ.

ನನ್ನನ್ನು ಓದುಗರ ಪ್ರತಿಕ್ರಿಯೆ ಉಪಸಮಿತಿಯ ಸಂಚಾಲಕನನ್ನಾಗಿ ನೇಮಿಸಲಾಯಿತು. ಹಿಂದಿನ ಪುಸ್ತಕಕ್ಕೆ ಒಂದೇ ಒಂದು ಪ್ರತಿಕ್ರಿಯೆ ಬಂದಿತ್ತು, ಅದೂ ಮುದ್ರಣಾಲಯದಿಂದ. ಈ ಸಲ ಹಾಗಾಗದಂತೆ ನಾನು ಒಂದು ಪ್ರಕಟಣೆ ಹೊರಡಿಸಿದೆ: “ಪುಸ್ತಕ ಬಿಡುಗಡೆಯ ದಿನ ಪ್ರತಿಕ್ರಿಯೆ ನೀಡಿದವರಿಗೆ ಮಾತ್ರ ಬಿಸಿಬೇಳೆಬಾತ್ ಬಡಿಸಲಾಗುವುದು. ಪ್ರತಿಕ್ರಿಯೆಯಲ್ಲಿ ‘ರೋಮಾಂಚನ’ ಎಂಬ ಪದವಿದ್ದರೆ ಬೂಂದಿ ಸಹಿತ.”

ಕನ್ನಡ ಸಾಹಿತ್ಯದಲ್ಲಿ ಅಷ್ಟು ರೋಮಾಂಚನ ಒಂದೇ ಮಧ್ಯಾಹ್ನ ಆದದ್ದು ನಾನು ಕಾಣೆ. ಸಾಲು ಬಾಗಿಲು ದಾಟಿ ಕಾರ್ ಪಾರ್ಕಿನವರೆಗೆ ನಿಂತಿತು. ಪುಸ್ತಕದ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಕಟ್ಟು ಬಿಚ್ಚಿದ ಮೇಲೆ, ಪಾಮರ್ಸ್ಟನ್ ನಾರ್ತ್‌ನಿಂದ ಬಂದಿದ್ದ ಲೋಹಿತ್, ಕುರಿಗಳ ಜೀರ್ಣಕ್ರಿಯೆಯ ಬಗ್ಗೆ ಸಂಶೋಧನೆ ಮಾಡುವವನು, ಅಧ್ಯಕ್ಷರ ಸಿಂಹದ ಹೊಟ್ಟೆಯಲ್ಲಿ ಏನಿತ್ತು ಎಂದು ಬರವಣಿಗೆಯಲ್ಲಿ ಕೇಳಿದ. ಅಂದು ಏಕಾದಶಿಯಾದ್ದರಿಂದ ಏನೂ ಇರಲಿಲ್ಲ ಎಂದು ಪ್ರಕಾಶ್ ಬರವಣಿಗೆಯಲ್ಲೇ ಉತ್ತರಿಸಿದರು. ಅಡುಗೆ ಉಸ್ತುವಾರಿಯ ಜಯಲಕ್ಷ್ಮಿ ಆಂಟಿ ಸೌಟು ಹಿಡಿದುಕೊಂಡೇ ಪ್ರತಿಕ್ರಿಯಿಸಿದರು: “ಇಷ್ಟು ದಿನ ಈ ಧನಂಜಯನ್ನ ಬರೀ ಚೇರ್ ಜೋಡ್ಸಕ್ಕೆ ಕರೀತಿದ್ವಲ್ಲ. ನಮಗೆ ನಾಚ್ಕೆ ಆಗ್ಬೇಕು.” ನನ್ನ ಜಿರಾಫೆಯ ಬಗ್ಗೆ ಯಾರೂ ಪ್ರತಿಕ್ರಿಯಿಸಲಿಲ್ಲ.

ಕಥೆಗಳು ‘ನಾನು’ ಎಂದಿದ್ದರಿಂದ ಜನ ನಂಬಿದರು. ಮುದ್ರಣವಾದದ್ದನ್ನು ನಂಬುವುದು ನಮ್ಮ ಜನರ ದೊಡ್ಡ ಗುಣ. ಎರಡು ತಿಂಗಳು ಕಳೆಯುವಷ್ಟರಲ್ಲಿ ಬರೆದವರೂ ನಂಬಿದರು. ಪ್ರಕಾಶ್ ಕೂರುವಾಗ ಬಲಗಾಲನ್ನು ಸ್ವಲ್ಪ ಚಾಚತೊಡಗಿದರು, ಶಿಕಾರಿಯಲ್ಲಾದ ಹಳೆಯ ಪೆಟ್ಟಂತೆ.

ಎಲ್ಲರಿಗಿಂತ ಹೆಚ್ಚು ನಂಬಿದವಳು ಧನಂಜಯನ ಮಗಳು ಪೂರ್ವಿ. ಏಳು ವರ್ಷದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಹುಟ್ಟಿದಾಗಿನಿಂದ ಅವಳಿಗೆ ಕತ್ತಲೆಂದರೆ ಭಯ, ಪಡಸಾಲೆಯ ದೀಪ ಬೆಳಗಿನವರೆಗೂ ಉರಿಯಬೇಕಿತ್ತು. ತಾಯಿ ನಿಶಾ ಕಥೆಯನ್ನು ಓದಿ ಹೇಳಿದ ದಿನ ಪೂರ್ವಿ ತಾನೇ ಎದ್ದುಹೋಗಿ ಸ್ವಿಚ್ ಆರಿಸಿ ಬಂದಳಂತೆ. “ಅಪ್ಪ ಇದಾರಲ್ಲ. ಐ ಡೋಂಟ್ ನೀಡ್ ಇಟ್.”

ಇದನ್ನು ನನಗೆ ಹೇಳುವಾಗ ಧನಂಜಯನ ಕಣ್ಣು ಒದ್ದೆಯಾಗಿತ್ತು. “ಸುಳ್ಳು ಅಂತ ಗೊತ್ತಾದ್ರೆ ಏನ್ ಗತಿ ಅನಂತ್? ಅವಳು ನನ್ನನ್ನ ನೋಡೋ ರೀತಿನೇ ಬದಲಾಗಿಬಿಟ್ಟಿದೆ ಕಣಯ್ಯಾ.”

“ಪ್ರಕಟವಾದದ್ದು ಸುಳ್ಳು ಹೇಗಾಗತ್ತೆ?” ಎಂದೆ. ಉಪಸಮಿತಿಯ ನಿಲುವು ಅದೇ ಆಗಿತ್ತು.

ಅಕ್ಟೋಬರ್ ಕೊನೆಯಲ್ಲಿ, ರಾಜ್ಯೋತ್ಸವದ ತಾಲೀಮು ನಡೆಯುತ್ತಿದ್ದ ಸಂಜೆ, ನಾವು ಬಾಡಿಗೆಗೆ ಪಡೆಯುವ ಪಾಪಕುರಾದ ಹಾಲ್‌ನ ಸೀಲಿಂಗ್ ಮೇಲೆ ಏನೋ ಧಡಧಡನೆ ಓಡಿತು. ಆಮೇಲೆ ಬೀಡಿ ಸೇದುವ ಮುದುಕನಂತೆ ಕೆಮ್ಮಿತು. ಮರುದಿನ ನೋಡಿದರೆ ಭುವನೇಶ್ವರಿ ಪೂಜೆಗೆಂದು ಇಟ್ಟಿದ್ದ ಸೇಬುಗಳಿಗೆಲ್ಲ ಒಂದೊಂದು ಬಾಯಿ ಬಿದ್ದಿತ್ತು. ಪಕ್ಕದ ಡೈರಿಯ, ಅಂದರೆ ಇಲ್ಲಿನ ದಿನಸಿ ಅಂಗಡಿಯ, ಯಜಮಾನ ಬಂದು ಕಿವಿಗೊಟ್ಟು ಕೇಳಿ, ಅದು ಪಾಸಮ್ ಎಂದ. ಬೆಕ್ಕಿನ ಗಾತ್ರದ, ಪೊದೆಬಾಲದ, ಈ ದೇಶದ ತುಂಬ ಇರುವ ಪೀಡೆ ಅದು. ತನ್ನ ಬಳಿ ಬೋನಿದೆ, ಒಂದು ತುಂಡು ಸೇಬು ಇಟ್ಟರೆ ಸಾಕು, ಉಚಿತವಾಗಿ ಕೊಡುತ್ತೇನೆ ಎಂದ.

ಸಮಿತಿ ಬೋನನ್ನು ತಿರಸ್ಕರಿಸಿತು. ಹನ್ನೆರಡು ಜನ ಆಫ್ರಿಕಾ ಶಿಕಾರಿಗಳಿರುವ ಬಳಗವು ಒಂದು ಪಾಸಮ್‌ಗಾಗಿ ಡೈರಿಯವನ ಮುಂದೆ ಕೈಚಾಚುವುದು ಸಾಹಿತ್ಯಕ್ಕೆ ಮಾಡುವ ಅವಮಾನ ಎಂದು ಓದುಗರಿಂದ ಪ್ರತಿಕ್ರಿಯೆಗಳು ಬರತೊಡಗಿದವು. ಈ ಸಲ ಊಟದ ಆಮಿಷವಿಲ್ಲದೆಯೇ ಬಂದವು. ಎಲ್ಲವೂ ಒಂದನ್ನೇ ಕೇಳುತ್ತಿದ್ದವು: ನಮ್ಮ ಲೇಖಕರು ಯಾವಾಗ ಮೇಲೆ ಹತ್ತುತ್ತಾರೆ?

ತುರ್ತು ಸಭೆ ಕರೆಯಲಾಯಿತು. ಯಾರ ಸಿಂಹ ದೊಡ್ಡದೋ ಅವರಿಗೇ ಮೊದಲ ಹಕ್ಕು ಎಂದು ಜಯಲಕ್ಷ್ಮಿ ಆಂಟಿ ಸೂಚಿಸಿದರು. ಎಲ್ಲರೂ ಪ್ರಕಾಶ್ ಅವರತ್ತ ತಿರುಗಿದರು. ಪ್ರಕಾಶ್ ಗಂಟಲು ಸರಿಮಾಡಿಕೊಂಡು, ಎರಡನೇ ಮುದ್ರಣಕ್ಕೊಂದು ಸಣ್ಣ ತಿದ್ದುಪಡಿ ಇದೆ ಎಂದರು.

“ಹನ್ನೊಂದಡಿ ಅಂದ್ರೆ ಬಾಲ ಸೇರಿಸಿ.”

“ಬಾಲ ಎಷ್ಟಿತ್ತು?”

“ಒಂಬತ್ತು” ಎಂದರು ಪ್ರಕಾಶ್.

ಆಗ ಉಳಿದವರ ನೆನಪುಗಳೂ ಒಂದರ ಹಿಂದೊಂದು ತಿಳಿಯಾಗತೊಡಗಿದವು. ಕಾರ್ಯದರ್ಶಿ ಚಂದ್ರಹಾಸನ ಸಿಂಹ ಅವನು ತಲುಪುವ ಮೊದಲೇ ವಯಸ್ಸಾಗಿ ತೀರಿಕೊಂಡಿತ್ತು. ವೆಂಕಟೇಶ್ ಹೊಡೆದ ಚಿರತೆ ನಿಜಕ್ಕೂ ಒಂದು ಸೋಫಾ ಹೊದಿಕೆ, ಆದರೆ ಬೆಳಕು ಕಡಿಮೆಯಿತ್ತು. ಇನ್ನೊಬ್ಬರು ತಮ್ಮ ಘೇಂಡಾಮೃಗ ಶರಣಾಗಿತ್ತು ಎಂದರು. ಕಾಲು ಗಂಟೆಯೊಳಗೆ ಇಡೀ ಆಫ್ರಿಕಾ ಖಂಡದಲ್ಲಿ ಒಂದು ಪ್ರಾಣಿಗೂ ಗಾಯವಾಗಿರಲಿಲ್ಲ. ನಾನೂ ಜಿರಾಫೆಯ ತಿದ್ದುಪಡಿಯನ್ನು ಜೇಬಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ. ಯಾರೂ ಕೇಳಲೇ ಇಲ್ಲ.

ಕೊನೆಗೆ ಧನಂಜಯ ಎದ್ದು ನಿಂತ. ತಿದ್ದುಪಡಿ ಅವನ ತುಟಿಯವರೆಗೆ ಬಂದದ್ದನ್ನು ನಾನೇ ಕಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕೋಡುಬಳೆ ತಿನ್ನುತ್ತ ನಿಂತಿದ್ದ ಪೂರ್ವಿ ಗಟ್ಟಿಯಾಗಿ ಹೇಳಿದಳು:

“ಮೈ ಡ್ಯಾಡ್ ವಿಲ್ ಡು ಇಟ್. ಅಪ್ಪಂಗೆ ಗನ್ನೇ ಬೇಡ.”

ಧನಂಜಯ ಬಾಯಿ ಮುಚ್ಚಿದ. ಹೊರಗೆ ಹೋದ. ಯೂಟ್‌ನಿಂದ ವೀಲ್ ಸ್ಪ್ಯಾನರ್ ತೆಗೆದುಕೊಂಡು ಬಂದ. ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು, ತಿದ್ದುಪಡಿ ಕೊಟ್ಟವರು ಎಲ್ಲರಿಗಿಂತ ಜೋರಾಗಿ.

ಏಣಿಯನ್ನು ಪ್ರಕಾಶ್ ಹಿಡಿದರು. ಧನಂಜಯ ಸೀಲಿಂಗಿನ ಚೌಕದ ಮುಚ್ಚಳವನ್ನು ಸರಿಸಿ, ತಲೆ ಮತ್ತು ಟಾರ್ಚನ್ನು ಒಳಗೆ ತೂರಿಸಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಒಂದು ಕೆಮ್ಮು, ಒಂದು ಬುಸುಗುಟ್ಟುವಿಕೆ, ಅದರ ಮೇಲೆ ಒಂದು ಕಿರುಚಾಟ ಕೇಳಿಸಿತು. ಕಿರುಚಾಟ ಪ್ರಾಣಿಯದಲ್ಲ ಎಂಬುದನ್ನು ಸಭೆ ಬೇಗ ಗ್ರಹಿಸಿತು. ಸ್ಪ್ಯಾನರ್ ಮೊದಲು ಬಿತ್ತು. ಧನಂಜಯ ಏಣಿಯ ಯಾವ ಮೆಟ್ಟಿಲನ್ನೂ ಬಳಸದೆ ಕೆಳಗೆ ಬಂದ. ಅವನ ಹಿಂದೆಯೇ ಬೂದು ಬಣ್ಣದ್ದೊಂದು ಜಿಗಿದು, ಅಧ್ಯಕ್ಷರ ಹೆಗಲ ಮೇಲೆ ಕಾಲೂರಿ, ವೇದಿಕೆಯ ಪರದೆ ಹಿಡಿದು ಹತ್ತಿ, ಮತ್ತೆ ಸೀಲಿಂಗ್ ಸೇರಿತು. ಆಫ್ರಿಕಾ ಶಿಕಾರಿಗಳಲ್ಲಿ ಹತ್ತು ಮಂದಿ ಆಗಲೇ ಕಾರ್ ಪಾರ್ಕಿನಲ್ಲಿದ್ದರು.

ಎಲ್ಲರೂ ಮೆಲ್ಲಗೆ ಒಳಗೆ ಬಂದಾಗ ಧನಂಜಯ ನೆಲದ ಮೇಲೆ ಕೂತಿದ್ದ. ಪೂರ್ವಿ ಅವನ ಮುಂದೆ ನಿಂತಿದ್ದಳು.

“ಅಪ್ಪ, ವಾಟ್ ವಾಸ್ ಇಟ್?”

ಧನಂಜಯ ಅವಳ ಮುಖ ನೋಡಿದ, ನಮ್ಮ ಮುಖ ನೋಡಿದ. ಅಷ್ಟು ಜನ ಕನ್ನಡಿಗರು ಒಟ್ಟಿಗೆ ಸುಮ್ಮನಿದ್ದದ್ದು ಅದೇ ಮೊದಲು.

ಪ್ರಕಾಶ್ ಹೆಗಲ ಮೇಲಿನ ಕೂದಲು ಕೊಡವಿಕೊಂಡು ಮೈಕಿನ ಬಳಿ ಹೋದರು. “ಒಂದು ಠರಾವು ಮಂಡಿಸ್ತಿದ್ದೀನಿ. ಈಗ ತಾನೇ ನಮ್ಮೆದುರು ಕಾಣಿಸಿಕೊಂಡ ಪ್ರಾಣಿ ಸಿಂಹ.”

“ಬಾಲ ನಾನೇ ನೋಡ್ದೆ. ಸಿಂಹಾನೇ” ಎಂದು ಜಯಲಕ್ಷ್ಮಿ ಆಂಟಿ ಅನುಮೋದಿಸಿದರು.

ತಜ್ಞರ ಅಭಿಪ್ರಾಯ ಬೇಕೆಂದು ನಾನು ನಿಯಮ ಎತ್ತಿದೆ. ಬಳಗದಲ್ಲಿ ಆಫ್ರಿಕಾದ ಅನುಭವವಿದ್ದವರು ಒಬ್ಬರೇ ಆದ್ದರಿಂದ ಉದಯಶಂಕರ್ ಅವರ ಅನರ್ಹತೆಯನ್ನು ಆ ಕ್ಷಣವೇ ರದ್ದುಪಡಿಸಿ ಅವರನ್ನು ವೇದಿಕೆಗೆ ಕರೆಯಲಾಯಿತು. ಅವರು ಎಂಟು ತಿಂಗಳಿಂದ ಕಾದಿದ್ದರು.

“ಜೋಹಾನ್ಸ್‌ಬರ್ಗ್‌ನಾಗ ಚಾ ಅಂಗಡಿ ಮುಂದ ಇಷ್ಟು ದೊಡ್ಡ ಪೋಸ್ಟರ್ ಇತ್ರಿ. ಅದರಾಗ ಇದ್ದದ್ದೂ ಹಿಂಗ ಇತ್ತು” ಎಂದರು. “ಸ್ವಲ್ಪ ಸೊರಗೇದ. ಇಲ್ಲಿ ಹವಾ ಅದಕ್ಕ ಒಗ್ಗಿಲ್ಲ.”

ಠರಾವು ಸರ್ವಾನುಮತದಿಂದ ಅಂಗೀಕಾರವಾಯಿತು. ಉದ್ದ ಒಂಬತ್ತು ಅಡಿ ಎಂದು ನಿಗದಿಯಾಯಿತು. ಸಿಂಹವನ್ನು ಬರಿಗೈಯಲ್ಲಿ ಎದುರಿಸಿ ಜೀವಸಹಿತ ಇಳಿದುಬಂದ ಧನಂಜಯನಿಗೆ ಶಾಲು ಹೊದಿಸಲಾಯಿತು. ಅವನು ಅಳುತ್ತಿದ್ದ, ಅದನ್ನು ಸಮಿತಿಗೆ ಕೊಟ್ಟ ವರದಿಯಲ್ಲಿ ‘ಭಾವುಕರಾದರು’ ಎಂದು ಬರೆದಿದ್ದೇನೆ.

ರಾಜ್ಯೋತ್ಸವ ಸಿಂಹದ ಸಮ್ಮುಖದಲ್ಲೇ ನಡೆಯಿತು. ಬಾಗಿಲಿಗೆ ಫಲಕ ಹಾಕಿದೆವು: “ಮೇಲೆ ಸಿಂಹವಿದೆ. ಡೊಳ್ಳು ಮೆಲ್ಲಗೆ ಬಾರಿಸತಕ್ಕದ್ದು.” ಭಾಷಣಗಳ ನಡುವೆ ಅದು ಕೆಮ್ಮಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟಿತು, ಭಾಷಣಕಾರರೂ ಸಂತೋಷಪಟ್ಟರು. ಸೇಬಿನ ಖರ್ಚನ್ನು ಸರಿದೂಗಿಸಲು ಅದಕ್ಕೆ ವೈಯಕ್ತಿಕ ಸದಸ್ಯತ್ವ ಕೊಟ್ಟೆವು. ಕೆಲವು ವಾರಗಳ ನಂತರ ಅದರ ಬೆನ್ನ ಮೇಲೊಂದು ಮರಿ ಕಂಡದ್ದರಿಂದ ಕುಟುಂಬ ಸದಸ್ಯತ್ವಕ್ಕೆ ಬದಲಾಯಿಸಿದೆವು. ಡೈರಿಯ ಯಜಮಾನ ಒಮ್ಮೆ ತಲೆ ಎತ್ತಿ ನೋಡಿ, “ಮೇಟ್, ದಟ್ಸ್ ಎ ಪಾಸಮ್” ಎಂದ. ಅವನನ್ನು ಕೂರಿಸಿ ಬಿಸಿಬೇಳೆಬಾತ್ ಬಡಿಸಿದೆವು. ಎರಡನೇ ಸಲ ಬಡಿಸಿಕೊಂಡ ಮೇಲೆ, ಪಾಸಮ್‌ಗೆ ಸ್ವಲ್ಪ ದೊಡ್ಡದೇ ಎಂದು ಒಪ್ಪಿದ. ಮೂರನೇ ಸಲಕ್ಕೆ ಬೂಂದಿ ಕೇಳಿ ಪಡೆದ.

ಡಿಸೆಂಬರಿನಲ್ಲಿ ಎರಡನೇ ಮುದ್ರಣದ ಬಿಡುಗಡೆಗೆ ಮತ್ತೆ ಪ್ರತಿಕ್ರಿಯೆಯ ಸಾಲು ನಿಂತಿತು. ತಟ್ಟೆ ಹಿಡಿದುಕೊಂಡು ಪೂರ್ವಿಯೂ ಬಂದಳು. ಈಗಲೂ ದೀಪ ಆರಿಸಿಯೇ ಮಲಗುತ್ತೀಯಾ ಎಂದು ಕೇಳಿದೆ. ಅವಳು ಹಿಂದೆ ತಿರುಗಿ ನೋಡಿ, ಅಪ್ಪ ದೂರದಲ್ಲಿ ಕುರ್ಚಿ ಜೋಡಿಸುತ್ತಿರುವುದನ್ನು ಖಚಿತಪಡಿಸಿಕೊಂಡು, ನನ್ನ ಮೇಜಿನ ಮೇಲೆ ಬಾಗಿದಳು.

“ನೋ, ಅಂಕಲ್. ಈಗ ಲೈಟ್ ಆನ್. ಅಪ್ಪಂಗೆ ಬೇಕು. ನಂಗೆ ಬೇಕು ಅಂತ ನಾನೇ ಹೇಳಿದೀನಿ.”

ನಾನು ಬರೆದುಕೊಳ್ಳುತ್ತಿದ್ದಂತೆ ಅವಳು ಮುಂದುವರಿಸಿದಳು.

“ಆಂಡ್ ಇಟ್ಸ್ ಎ ಪಾಸಮ್. ಐ ನ್ಯೂ. ನಮ್ಮ ಸ್ಕೂಲ್ ಹಿಂದೆ ಹೀಪ್ಸ್ ಇದಾವೆ, ತುಂಬಾ. ಅಪ್ಪಂಗೆ ಹೇಳ್ಬೇಡಿ, ಪ್ಲೀಸ್. ಹೀ ವಾಸ್ ಸೋ ಸ್ಕೇರ್ಡ್ ಆಂಡ್ ಹೀ ವೆಂಟ್ ಅಪ್.”

ಸಂಚಾಲಕನ ಕರ್ತವ್ಯ ಬೇರೆ, ಕರುಣೆ ಬೇರೆ ಎಂದು ಅವಳಿಗೆ ವಿವರಿಸಿದೆ. ನನಗೆ ತಲುಪಿದ ಪ್ರತಿಕ್ರಿಯೆಯನ್ನು ಸಮಿತಿಯ ಮುಂದಿಡುವುದು ಕಡ್ಡಾಯ ಎಂದೆ. ಅವಳು ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟಳು.

“ಅಂಕಲ್, ನಿಮ್ಮ ಜಿರಾಫ್ ಸ್ಟೋರಿ ಬಗ್ಗೆ ಬರೀಲಾ? ಇಟ್ ವಾಸ್ ರಿಯಲಿ ಟಾಲ್.”

ಸಂಕಲನದ ಜಿರಾಫೆ ಕಥೆಗೆ ಬಂದ ಮೊದಲ ಪ್ರತಿಕ್ರಿಯೆಯನ್ನು ಅದೇ ದಿನ ದಾಖಲಿಸಿಕೊಂಡು, ಓದುಗಾರ್ತಿಗೆ ಎರಡು ಸೌಟು ಬೂಂದಿ ಮಂಜೂರು ಮಾಡಲಾಗಿದೆ. ಪಾಪಕುರಾ ಹಾಲ್‌ನ ಸೀಲಿಂಗ್ ಮೇಲಿರುವುದು ಸಿಂಹ ಎಂದು ಉಪಸಮಿತಿ ಈ ಮೂಲಕ ದೃಢೀಕರಿಸುತ್ತದೆ.